ಮನೆಯ ಸ್ಟಿರಿಯೊದಲ್ಲಿ ಹೈ-ರೆಸ್ ಸಂಗೀತ: ಫೈಲ್‌ನಿಂದ ಸ್ಪೀಕರ್‌ವರೆಗೆ

"24 ಬಿಟ್, 192 ಅಂತ ಬರೆದಿರುವ ಫೈಲ್ ತಂದಿದ್ದೇನೆ. ಹಳೆಯ ಎಂಪಿ3ಗೂ ಇದಕ್ಕೂ ಏನೂ ಫರಕು ಗೊತ್ತಾಗುತ್ತಿಲ್ಲ. ಸ್ಪೀಕರ್ ಬದಲಿಸಬೇಕಾ?"

ಈ ಪ್ರಶ್ನೆ ಹುಬ್ಬಳ್ಳಿ-ಧಾರವಾಡದಿಂದ ಬರುತ್ತದೆ, ಗದಗದಿಂದ, ಹಾವೇರಿಯಿಂದಲೂ ಬರುತ್ತದೆ. ಕೇಳುವವರ ಹತ್ತಿರ ಆಂಪ್ಲಿಫೈಯರ್ ಇರುತ್ತದೆ, ಎರಡು ಒಳ್ಳೆಯ ಸ್ಪೀಕರ್ ಇರುತ್ತವೆ, ಫೋನು ಅಥವಾ ಲ್ಯಾಪ್‌ಟಾಪ್ ಇರುತ್ತದೆ. ಆದರೂ ಸಂಗೀತ ಮೊದಲಿನ ಹಾಗೇ ಕೇಳಿಸುತ್ತದೆ. ಬಹಳಷ್ಟು ಸಲ ಕಾರಣ ಒಂದೇ. ಫೈಲ್‌ನಲ್ಲಿ ಇದ್ದದ್ದು ಸ್ಪೀಕರ್‌ವರೆಗೆ ಬಂದೇ ಇರುವುದಿಲ್ಲ. ನಡುವೆ ಫೋನು, ಬ್ಲೂಟೂತ್, ತಪ್ಪು ಸೆಟ್ಟಿಂಗ್, ಖಾಲಿ ಕೋಣೆ, ಇವುಗಳಲ್ಲಿ ಯಾವುದೋ ಒಂದು ಅದನ್ನು ಕೆಡಿಸಿರುತ್ತದೆ.

ಅದಕ್ಕೇ ಇಲ್ಲಿ ಎಲ್ಲವನ್ನೂ ಒಂದು ಕ್ರಮದಲ್ಲಿ ಹೇಳುತ್ತೇನೆ. ಈ ಕ್ರಮ ಮುಖ್ಯ. ಮೊದಲು ಕೋಣೆ, ಆಮೇಲೆ ಒಳ್ಳೆಯ ಮೂಲದ ಸಿಡಿ ಗುಣಮಟ್ಟದ ಫೈಲ್, ಆಮೇಲೆ ಅದನ್ನು ಕೆಡಿಸದೆ ಸಾಗಿಸುವ ದಾರಿ. ದೊಡ್ಡ ದೊಡ್ಡ ಅಂಕಿಗಳು ಕೊನೆಗೆ. ಅಂಗಡಿಯವರು ಸಾಮಾನ್ಯವಾಗಿ ಇದನ್ನು ಉಲ್ಟಾ ಹೇಳುತ್ತಾರೆ.

ಶುರು ಮಾಡುವ ಮುನ್ನ: ಈ ಅಂಕಿಗಳ ಅರ್ಥ

ಡಿಜಿಟಲ್ ಧ್ವನಿ ಎಂದರೆ ಶಬ್ದದ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಬರೆದಿಟ್ಟ ಅಂಕಿಗಳು. ಸೆಕೆಂಡಿಗೆ ಎಷ್ಟು ಸಲ ಅಳೆದರು ಎನ್ನುವುದು ಸ್ಯಾಂಪ್ಲಿಂಗ್ ದರ. ಒಂದೊಂದು ಅಳತೆ ಎಷ್ಟು ನಯವಾಗಿದೆ ಎನ್ನುವುದು ಬಿಟ್. ಜೋಳವನ್ನು ಬರೀ ಸೇರಿನಲ್ಲಿ ಅಳೆದರೆ ಉಳಿದ ಮುಷ್ಟಿ ಜೋಳ ಲೆಕ್ಕಕ್ಕೆ ಬರುವುದಿಲ್ಲ. ಚಟಾಕು ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಬಿಟ್ ಜಾಸ್ತಿಯಾದಂತೆ ಹಾಗೆಯೇ ಸಣ್ಣ ಸಣ್ಣ ಸದ್ದೂ ಲೆಕ್ಕಕ್ಕೆ ಸಿಗುತ್ತದೆ. 16 ಬಿಟ್‌ನಲ್ಲಿ 65,536 ಮೆಟ್ಟಿಲುಗಳಿವೆ. 24 ಬಿಟ್‌ನಲ್ಲಿ ಸುಮಾರು 1.68 ಕೋಟಿ.

ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ರೂಪಿಸಿದ ಸಿಡಿ 1982ರಲ್ಲಿ ಮಾರುಕಟ್ಟೆಗೆ ಬಂತು. ಅದರ ಅಳತೆ 16 ಬಿಟ್, 44.1 ಕಿಲೋಹರ್ಟ್ಜ್. ಅಂದರೆ ಸೆಕೆಂಡಿಗೆ 44,100 ಅಳತೆ. ಸ್ಯಾಂಪ್ಲಿಂಗ್ ದರದ ಅರ್ಧದಷ್ಟು ಎತ್ತರದ ಸ್ವರದವರೆಗೆ ಹಿಡಿದಿಡಬಹುದು. ಹಾಗಾಗಿ ಸಿಡಿಯಲ್ಲಿ 22,050 ಹರ್ಟ್ಜ್‌ವರೆಗೆ ಇರುತ್ತದೆ. ಎಳೆಯ ಕಿವಿಗೆ ಕೇಳಿಸುವುದು 20,000 ಹರ್ಟ್ಜ್‌ವರೆಗೆ. ವಯಸ್ಸಾದ ಹಾಗೆ ಆ ಮಿತಿ ಕೆಳಗೆ ಇಳಿಯುತ್ತದೆ.

ಹೈ-ರೆಸ್ ಅಂದರೆ ಈ ಸಿಡಿ ಅಳತೆಗಿಂತ ಮೇಲಿನದು. ಹೆಚ್ಚಾಗಿ ಸಿಗುವುದು 24 ಬಿಟ್/96 ಕಿಲೋಹರ್ಟ್ಜ್ ಮತ್ತು 24 ಬಿಟ್/192 ಕಿಲೋಹರ್ಟ್ಜ್. ಡಿಎಸ್‌ಡಿ ಎಂಬ ಬೇರೆ ಬಗೆಯೂ ಇದೆ. 1999ರಲ್ಲಿ ಬಂದ ಸೂಪರ್ ಆಡಿಯೊ ಸಿಡಿಯಲ್ಲಿ ಬಳಸಿದ್ದು ಇದನ್ನೇ. ಅದರಲ್ಲಿ ಒಂದೇ ಬಿಟ್, ಆದರೆ ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಸಲ. ಹೊಸಬರು ಸದ್ಯಕ್ಕೆ ಡಿಎಸ್‌ಡಿಯ ತಂಟೆಗೆ ಹೋಗಬೇಕಾಗಿಲ್ಲ.

ಇನ್ನು ಫೈಲ್‌ನ ಬಗೆ. ಎಂಪಿ3, ಎಎಸಿ ಇವು ಜಾಗ ಉಳಿಸಲು ಧ್ವನಿಯ ಒಂದು ಭಾಗವನ್ನು ಬಿಸಾಡುತ್ತವೆ. ಬಿಸಾಡಿದ್ದು ತಿರುಗಿ ಬರುವುದಿಲ್ಲ. ಫ್ಲ್ಯಾಕ್ ಮತ್ತು ಆಪಲ್‌ನ ಆಲ್ಯಾಕ್ ಹಾಗಲ್ಲ. ಅವು ಫೈಲನ್ನು ಚಿಕ್ಕದು ಮಾಡಿದರೂ ನುಡಿಸುವಾಗ ಒಂದು ಅಂಕಿಯೂ ಬಿಡದೆ ಪೂರ್ತಿ ವಾಪಸ್ ಕೊಡುತ್ತವೆ. ಇದನ್ನೇ ಲಾಸ್‌ಲೆಸ್ ಅನ್ನುವುದು. ವೇವ್ ಫೈಲ್‌ನಲ್ಲಿ ಏನೂ ಕಳೆಯುವುದಿಲ್ಲ, ಆದರೆ ಜಾಗ ಜಾಸ್ತಿ ತಿನ್ನುತ್ತದೆ. ನನ್ನ ಸಲಹೆ ಫ್ಲ್ಯಾಕ್. ಐಫೋನ್ ಮನೆಯಾದರೆ ಆಲ್ಯಾಕ್.

ಏನೇನು ಬೇಕು? ಫೈಲ್ ನುಡಿಸಲು ಲ್ಯಾಪ್‌ಟಾಪ್ ಅಥವಾ ಫೋನು. ಅಂಕಿಗಳನ್ನು ಮತ್ತೆ ವಿದ್ಯುತ್ ಅಲೆಯಾಗಿ ಮಾಡುವ ಡ್ಯಾಕ್ ಎಂಬ ಸಣ್ಣ ಪೆಟ್ಟಿಗೆ. ಆಂಪ್ಲಿಫೈಯರ್, ಎರಡು ಸ್ಪೀಕರ್, ಕೆಂಪು-ಬಿಳಿ ಪಿನ್‌ನ ಆರ್‌ಸಿಎ ಕೇಬಲ್. ಅಷ್ಟೇ.

1. ಕೋಣೆ ಮತ್ತು ಸ್ಪೀಕರ್ ಸರಿ ಮಾಡಿಕೊಳ್ಳಿ

ಇದಕ್ಕೆ ದುಡ್ಡು ಹೆಚ್ಚು ಬೇಡ. ಇಡೀ ಲೇಖನದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತವೂ ಇದೇ.

ನಮ್ಮ ಕಡೆಯ ಮನೆಗಳನ್ನು ನೋಡಿ. ಕೆಳಗೆ ಟೈಲ್ಸ್ ಅಥವಾ ಶಹಾಬಾದ್ ಕಲ್ಲು, ಮೇಲೆ ಆರ್‌ಸಿಸಿ, ನಾಲ್ಕೂ ಕಡೆ ಪ್ಲಾಸ್ಟರ್ ಗೋಡೆ. ಶಬ್ದ ಎಲ್ಲಿ ಬಡಿದರೂ ಚಿಮ್ಮಿ ಬರುತ್ತದೆ. ನೀವು ಕೂರುವ ಜಾಗದಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆಯಿರಿ. ಚಪ್ಪಾಳೆಯ ಬಾಲಕ್ಕೆ ಝಣ್ ಎನ್ನುವ ಮರುದನಿ ಬಂದರೆ, ತಂಬೂರಿಯ ನಯವಾದ ಝೇಂಕಾರ ಆ ಮರುದನಿಯಲ್ಲಿ ಮುಳುಗಿ ಹೋಗುತ್ತದೆ. 192 ಆಗಲಿ, 384 ಆಗಲಿ, ಅದನ್ನು ಉಳಿಸುವುದಿಲ್ಲ.

ಸ್ಪೀಕರ್‌ಗೂ ನಿಮಗೂ ನಡುವಿನ ನೆಲದ ಮೇಲೆ ನವಲಗುಂದದ ಜಮಖಾನೆ ಹಾಸಿ. ಜಮಖಾನೆ ಹತ್ತಿಯದು, ತೆಳುವಾಗಿರುತ್ತದೆ. ಅದೊಂದರಿಂದ ಮೇಲಿನ ಸ್ವರಗಳ ಮರುದನಿ ಸ್ವಲ್ಪ ತಗ್ಗುತ್ತದೆ, ಅಷ್ಟೇ. ಅದರ ಕೆಳಗೆ ಒಂದು ದಪ್ಪ ಕಂಬಳಿ ಹಾಕಿದರೆ ಫಲ ಚೆನ್ನಾಗಿ ಕಾಣುತ್ತದೆ. ಕಿಟಕಿಗೆ ದಪ್ಪ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು. ತಬಲಾದ ಬಾಯಾ ಗುಮ್ಮೆಂದು ಊದಿಕೊಂಡು ಕೇಳಿಸಿದರೆ ಕೋಣೆಯ ಮೂಲೆಯಲ್ಲಿ ಮಡಚಿದ ಹತ್ತಿಯ ಗಾದಿ ನಿಲ್ಲಿಸಿ ನೋಡಿ. ನೋಡಲು ಚೆಂದ ಕಾಣದಿರಬಹುದು, ಕೇಳಲು ಚೆಂದ.

ಸ್ಪೀಕರ್ ಇಡುವುದು ಹೀಗೆ. ಎರಡು ಸ್ಪೀಕರ್‌ಗಳ ನಡುವೆ ಆರೇಳು ಅಡಿ. ಒಂದೊಂದರಿಂದ ನಿಮ್ಮ ಕಿವಿಗೂ ಅಷ್ಟೇ ದೂರ. ಮೂರೂ ಸೇರಿ ಸಮ ತ್ರಿಕೋನವಾಗಬೇಕು. ಟ್ವೀಟರ್, ಅಂದರೆ ಮೇಲಿನ ಸಣ್ಣ ಗುಂಡು ಸ್ಪೀಕರ್, ಕೂತಾಗ ನಿಮ್ಮ ಕಿವಿಯ ಮಟ್ಟಕ್ಕೆ ಬರಬೇಕು. ಹಿಂದಿನ ಗೋಡೆಯಿಂದ ಒಂದೆರಡು ಅಡಿ ಮುಂದೆ ಇರಲಿ.

ಶೋಕೇಸ್ ಒಳಗೆ ಮಾತ್ರ ಸ್ಪೀಕರ್ ಇಡಬೇಡಿ. ಈ ತಪ್ಪು ಎಷ್ಟು ಮನೆಗಳಲ್ಲಿ ಇದೆಯೆಂದರೆ, ಪ್ರಶ್ನೆ ಕೇಳಿದವರಿಗೆ ನಾನು ಮೊದಲು ಕೇಳುವುದೇ ಇದನ್ನು. ಗಾಜು ನಡುಗುತ್ತದೆ, ಖಾನೆಯೊಳಗೆ ಬಾಸ್ ಕೂತುಬಿಡುತ್ತದೆ, ಹಾಡುವವರ ದನಿ ಡಬ್ಬಿಯೊಳಗಿಂದ ಬಂದ ಹಾಗಾಗುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು ಸ್ಪೀಕರ್ ವೈರ್‌ನದು. ಆಂಪ್ಲಿಫೈಯರ್‌ನ ಕೆಂಪು ತುದಿ ಸ್ಪೀಕರ್‌ನ ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಕಡೆ ಮಾತ್ರ ಅದಲು ಬದಲಾದರೆ ಎರಡು ಸ್ಪೀಕರ್ ಒಂದಕ್ಕೊಂದು ವಿರುದ್ಧವಾಗಿ ತಳ್ಳುತ್ತವೆ. ಬಾಸ್ ತೆಳ್ಳಗಾಗುತ್ತದೆ, ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ.

ಇದನ್ನು ಪರೀಕ್ಷಿಸಲು ಹೈ-ರೆಸ್ ಫೈಲ್ ಬೇಡ. ಸವಾಯಿ ಗಂಧರ್ವರದೋ, ಗಂಗೂಬಾಯಿ ಹಾನಗಲ್ಲರ ಎಳೆ ವಯಸ್ಸಿನದೋ ಒಂದು ಹಳೆಯ ಮೊನೊ ಧ್ವನಿಮುದ್ರಣ ಹಾಕಿ. ಮೊನೊ ಅಂದರೆ ಎರಡೂ ಸ್ಪೀಕರ್‌ನಲ್ಲಿ ಒಂದೇ ಧ್ವನಿ. ಕಣ್ಣು ಮುಚ್ಚಿ ಕೂತರೆ ಹಾಡುವವರು ಸರಿಯಾಗಿ ಎರಡು ಸ್ಪೀಕರ್‌ಗಳ ನಟ್ಟನಡುವೆ ಕೂತ ಹಾಗೆ ಕೇಳಿಸಬೇಕು. ಪಕ್ಕಕ್ಕೆ ಸರಿದರೆ ಸ್ಪೀಕರ್ ದೂರ ಸರಿ ಮಾಡಿ. ಕೋಣೆ ತುಂಬ ಹರಡಿಕೊಂಡರೆ ವೈರ್ ನೋಡಿ.

2. ಫೈಲ್ ಎಲ್ಲಿಂದ ತರುವುದು

ಮೊದಲು ಕಪಾಟಿನಲ್ಲಿರುವ ಸಿಡಿಗಳನ್ನು ತೆಗೆಯಿರಿ. ಅವು ಆಗಲೇ ಲಾಸ್‌ಲೆಸ್. ಲ್ಯಾಪ್‌ಟಾಪ್‌ಗೆ ಹಚ್ಚುವ ಯುಎಸ್‌ಬಿ ಡಿವಿಡಿ ಡ್ರೈವ್ ಒಂದು ಸಾಕು. ವಿಂಡೋಸ್‌ನಲ್ಲಿ ಎಕ್ಸ್ಯಾಕ್ಟ್ ಆಡಿಯೊ ಕಾಪಿ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ ಎಂಬ ಉಚಿತ ತಂತ್ರಾಂಶಗಳಿವೆ. ಇವು ಸಿಡಿಯನ್ನು ಎಚ್ಚರದಿಂದ ಓದಿ ಫ್ಲ್ಯಾಕ್ ಮಾಡುತ್ತವೆ. ಅದೇ ಸಿಡಿಯನ್ನು ಬೇರೆಯವರು ನಕಲು ಮಾಡಿದಾಗ ಬಂದ ಲೆಕ್ಕಕ್ಕೆ ಹೋಲಿಸಿ, ಸರಿಯಾಗಿ ಬಂತೋ ಇಲ್ಲವೋ ಎಂದೂ ಹೇಳುತ್ತವೆ. ಧಾರವಾಡದ ಮಳೆಗಾಲದ ತೇವಕ್ಕೆ ಸಿಡಿ ಮೇಲೆ ಬೂಸ್ಟು ಬಂದಿದ್ದರೆ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಗುಂಡಗೆ ತಿಕ್ಕಬೇಡಿ.

ಸ್ಟ್ರೀಮಿಂಗ್ ಬೇಕಾದರೆ ಆಪಲ್ ಮ್ಯೂಸಿಕ್‌ನಲ್ಲಿ 2021ರಿಂದ ಲಾಸ್‌ಲೆಸ್ ಇದೆ. 24 ಬಿಟ್/192ರವರೆಗೆ ಹೋಗುತ್ತದೆ. ಆಂಡ್ರಾಯ್ಡ್ ಫೋನ್‌ಗೂ ಸಿಗುತ್ತದೆ. ಆದರೆ ಸುಮ್ನೆ ಚಂದಾ ಕಟ್ಟಿದರೆ ಸಾಲದು. ಸೆಟ್ಟಿಂಗ್ಸ್‌ನಲ್ಲಿ ಆಡಿಯೊ ಕ್ವಾಲಿಟಿಗೆ ಹೋಗಿ ಲಾಸ್‌ಲೆಸ್ ಆನ್ ಮಾಡಬೇಕು, ಹೈ-ರೆಸ್ ಆರಿಸಬೇಕು. ಎರಡೇ ಸ್ಪೀಕರ್ ಇದ್ದರೆ ಡಾಲ್ಬಿ ಅಟ್ಮೋಸ್, ಅಂದರೆ ಸುತ್ತಲೂ ಹಲವು ಸ್ಪೀಕರ್ ಇರುವವರಿಗೆಂದು ಮಾಡಿದ ಧ್ವನಿ, ಆಫ್ ಮಾಡಿ. ಫೈಲ್ ಕೊಳ್ಳುವುದಾದರೆ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡ ಸಂಗೀತ ಫ್ಲ್ಯಾಕ್ ರೂಪದಲ್ಲಿ ಇಳಿಸಿಕೊಳ್ಳಲು ಸಿಗುತ್ತದೆ. ನಾರ್ವೆಯ 2ಎಲ್ ಎಂಬ ಕಂಪನಿ ಒಂದೇ ಧ್ವನಿಮುದ್ರಣವನ್ನು ಬೇರೆ ಬೇರೆ ಅಳತೆಯಲ್ಲಿ ಪರೀಕ್ಷೆಗೆಂದು ಉಚಿತವಾಗಿ ಕೊಟ್ಟಿದೆ. ಹೋಲಿಸಿ ನೋಡುವವರಿಗೆ ಅದು ಒಳ್ಳೆಯ ಸಾಮಗ್ರಿ.

ಜಾಗದ ಲೆಕ್ಕ ತಿಳಿದಿರಲಿ. ಒಂದು ಗಂಟೆಯ ಗಾಯನ, ಚಿಕ್ಕದು ಮಾಡದೆ ಇಟ್ಟರೆ, ಸಿಡಿ ಅಳತೆಯಲ್ಲಿ ಸುಮಾರು 635 ಎಂಬಿ. 24/96ರಲ್ಲಿ ಸುಮಾರು 2 ಜಿಬಿ. 24/192ರಲ್ಲಿ 4 ಜಿಬಿ ದಾಟುತ್ತದೆ. ಫ್ಲ್ಯಾಕ್ ಮಾಡಿದರೆ ಸಾಮಾನ್ಯವಾಗಿ ಇದರ ಅರ್ಧದಿಂದ ಮೂರನೇ ಎರಡು ಭಾಗಕ್ಕೆ ಇಳಿಯುತ್ತದೆ. ಮೊಬೈಲ್ ಡೇಟಾದಲ್ಲಿ ಹೈ-ರೆಸ್ ಕೇಳಲು ಹೋದರೆ ದಿನದ ಪ್ಯಾಕ್ ಒಂದೇ ರಾಗಕ್ಕೆ ಮುಗಿದು ಹೋದೀತು. ವೈಫೈನಲ್ಲೇ ಕೇಳಿ, ಇಲ್ಲವೇ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಈಗ ಎಚ್ಚರಿಕೆಗಳು. ಇವು ಸ್ವಲ್ಪ ಜಾಸ್ತಿಯೇ ಇವೆ.

ಯೂಟ್ಯೂಬ್ ವಿಡಿಯೊದ ಹೆಸರಿನಲ್ಲಿ "ಹೈ-ರೆಸ್", "24 ಬಿಟ್" ಅಂತ ಇದ್ದರೂ ಅಲ್ಲಿ ಬರುವ ಧ್ವನಿ ಭಾಗ ಬಿಸಾಡಿದ್ದೇ. ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಫೈಲ್ ದೊಡ್ಡದಾಗುತ್ತದೆ, ಸಂಗೀತ ಎಂಪಿ3ಯೇ ಆಗಿ ಉಳಿಯುತ್ತದೆ. ಗುಂಪುಗಳಲ್ಲಿ ಪುಕ್ಕಟೆ ಹಂಚುವ ಫ್ಲ್ಯಾಕ್‌ಗಳಲ್ಲಿ ಇಂಥವು ಎಷ್ಟೋ. ಅದು ಬಿಟ್ಟರೂ, ಹಾಗೆ ಹಂಚಿದ್ದರಿಂದ ಹಾಡಿದವರಿಗೆ, ಅವರ ಮನೆಯವರಿಗೆ ಒಂದು ಪೈಸೆಯೂ ಮುಟ್ಟುವುದಿಲ್ಲ. ನಮ್ಮ ಸೀಮೆಯ ಕಲಾವಿದರನ್ನು ಪ್ರೀತಿಸುವವರು ಇದನ್ನು ಯೋಚಿಸಬೇಕು.

ಸ್ಪೆಕ್ ಎಂಬ ಉಚಿತ ತಂತ್ರಾಂಶಕ್ಕೆ ಫೈಲ್ ಎಳೆದು ಹಾಕಿದರೆ ಧ್ವನಿಯ ಚಿತ್ರ ಕಾಣುತ್ತದೆ. ಕೆಳಗಿನ ಸ್ವರ ಕೆಳಗೆ, ಮೇಲಿನ ಸ್ವರ ಮೇಲೆ. 96 ಕಿಲೋಹರ್ಟ್ಜ್ ಅಂತ ಹೇಳಿದ ಫೈಲ್‌ನಲ್ಲಿ 22 ಸಾವಿರದ ಹತ್ತಿರ ಕತ್ತರಿ ಹಾಕಿದ ಹಾಗೆ ಗೆರೆ ಕಂಡರೆ, ಅದು ಸಿಡಿಯನ್ನೇ ಹಿಗ್ಗಿಸಿದ್ದು ಎಂದು ಅನುಮಾನಿಸಿ. 16 ಸಾವಿರದ ಹತ್ತಿರವೇ ಗೆರೆ ಇದ್ದರೆ ಅದು ಕಡಿಮೆ ದರ್ಜೆಯ ಎಂಪಿ3ಯಿಂದ ಬಂದಿರುವ ಸಂಭವ ಹೆಚ್ಚು. ಮೇಲಕ್ಕೆ ಹೋದ ಹಾಗೆ ಮೆಲ್ಲಗೆ ಮಸುಕಾಗುತ್ತ ಹೋದರೆ ಗಾಬರಿ ಬೇಡ. ಧ್ವನಿ ಸಹಜವಾಗಿ ಹಾಗೇ ಇರುತ್ತದೆ.

ನಮ್ಮ ಕಡೆಯ ಕೇಳುಗರಿಗೆ ಇನ್ನೂ ಮುಖ್ಯವಾದ ಮಾತೊಂದಿದೆ. ನಾವು ಹೆಚ್ಚು ಪ್ರೀತಿಯಿಂದ ಕೇಳುವ ಧ್ವನಿಮುದ್ರಣಗಳು ಡಿಜಿಟಲ್ ಕಾಲಕ್ಕೆ ಮುಂಚಿನವು. 78 ಆರ್‌ಪಿಎಂ ರೆಕಾರ್ಡ್‌ನ ಒಂದು ಬದಿಯಲ್ಲಿ ಮೂರು-ಮೂರೂವರೆ ನಿಮಿಷದ ಹಾಡು. ಅವುಗಳಲ್ಲಿ 10 ಸಾವಿರ ಹರ್ಟ್ಜ್‌ಗಿಂತ ಮೇಲೆ ಸರಸರ ಸದ್ದು ಬಿಟ್ಟರೆ ಹಾಡಿನದು ಎನ್ನುವಂಥದ್ದು ಬಹುಮಟ್ಟಿಗೆ ಇರುವುದಿಲ್ಲ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗದಗ ಸೀಮೆಯ ಭೀಮಸೇನ ಜೋಶಿ, ಇವರ ಎಲ್‌ಪಿಗಳು ಬಂದದ್ದು ಟೇಪ್‌ನಿಂದ. ಆ ಕಾಲದ ಒಳ್ಳೆಯ ಟೇಪ್‌ನಲ್ಲೂ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನವರೆಗಿನ ಅಂತರ 60-70 ಡೆಸಿಬಲ್ (ಸದ್ದಿನ ಜೋರನ್ನು ಅಳೆಯುವ ಮಾನ). ಸಿಡಿಯ 16 ಬಿಟ್ 96 ಡೆಸಿಬಲ್ ಹಿಡಿಯುತ್ತದೆ. ಅಂದರೆ ಆ ಟೇಪ್ ಸಿಡಿಯೊಳಗೆ ಆರಾಮಾಗಿ ಕೂರುತ್ತದೆ.

ಹಾಗಿದ್ದರೆ ಹಳೆಯ ಗಾಯನದ ಹೈ-ರೆಸ್ ಆವೃತ್ತಿ ಕೊಳ್ಳಲೇಬಾರದೇ? ಕೊಳ್ಳಬಹುದು, ಆದರೆ ಅಂಕಿ ನೋಡಿ ಅಲ್ಲ. ಮೂಲ ಟೇಪ್‌ನಿಂದಲೇ ಹೊಸದಾಗಿ, ಶ್ರದ್ಧೆಯಿಂದ ತೆಗೆದದ್ದಾದರೆ ಕೊಳ್ಳಿ. ಸರಸರ ಸದ್ದು ತೆಗೆಯುವ ಭರದಲ್ಲಿ ತಂಬೂರಿಯ ಜೀವವನ್ನೇ ತೆಗೆದಿದ್ದರೆ, ಮೆಲ್ಲನೆಯ ಆಲಾಪವನ್ನೂ ಏರು ದನಿಯ ತಾನನ್ನೂ ಒಂದೇ ಮಟ್ಟಕ್ಕೆ ಎತ್ತಿ ಇಟ್ಟಿದ್ದರೆ, ಅದು ಎಷ್ಟೇ ಬಿಟ್ ಇದ್ದರೂ ಬೇಡ. ಹಳೆಯ ಸಿಡಿಯೇ ಉತ್ತಮ.

ರೇಡಿಯೊದಿಂದ ಕ್ಯಾಸೆಟ್‌ಗೆ ಹಿಡಿದಿಟ್ಟ ಕಛೇರಿಗಳು ಎಷ್ಟೋ ಮನೆಗಳಲ್ಲಿವೆ. ಅವನ್ನು ಡಿಜಿಟಲ್ ಮಾಡಲು 24 ಬಿಟ್/48 ಸಾಕು. 192ರಲ್ಲಿ ಮಾಡಿದರೆ ಹಾರ್ಡ್ ಡಿಸ್ಕ್ ತುಂಬುತ್ತದೆ, ಬೇರೆ ಲಾಭವಿಲ್ಲ.

3. ಪ್ಲೇಯರ್ ಸೆಟ್ಟಿಂಗ್

ಹೆಚ್ಚಿನವರು ಎಡವುವುದು ಇಲ್ಲೇ.

ಬ್ಲೂಟೂತ್ ಬೇಡ. ಎಲ್ಲ ಸಾಧನಗಳಲ್ಲೂ ಇರುವ ಎಸ್‌ಬಿಸಿ ಎಂಬ ವಿಧಾನ ಸೆಕೆಂಡಿಗೆ ಸುಮಾರು 328 ಕಿಲೋಬಿಟ್ ಸಾಗಿಸುತ್ತದೆ. ಸಿಡಿಗೇ 1,411 ಬೇಕು. 24/96ಕ್ಕೆ 4,608. ಸೋನಿಯ ಎಲ್‌ಡ್ಯಾಕ್ ಎಂಬ ಇನ್ನೊಂದು ಬ್ಲೂಟೂತ್ ವಿಧಾನ 990ರವರೆಗೆ ಹೋಗುತ್ತದೆ, ಅದರ ಮೇಲೆ ಹೈ-ರೆಸ್ ಮುದ್ರೆಯೂ ಇರುತ್ತದೆ. ಆದರೂ ಅದು ಭಾಗ ಬಿಸಾಡಿಯೇ ಕಳಿಸುತ್ತದೆ. ಅಡುಗೆ ಮಾಡುತ್ತಾ ಕೇಳಲು ಬ್ಲೂಟೂತ್ ಚೆನ್ನಾಗಿದೆ. ಕೂತು ಕೇಳಲು ವೈರ್ ಹಚ್ಚಿ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಧ್ವನಿಯೂ ವಿಂಡೋಸ್‌ನ ಮಿಕ್ಸರ್ ಮೂಲಕ ಹೋಗುತ್ತದೆ. ಅದು ಎಲ್ಲವನ್ನೂ ಒಂದೇ ಸ್ಯಾಂಪ್ಲಿಂಗ್ ದರಕ್ಕೆ, ಹೆಚ್ಚಾಗಿ 48ಕ್ಕೆ, ಬದಲಿಸುತ್ತದೆ. ಇದನ್ನು ತಪ್ಪಿಸಲು ಫೂಬಾರ್2000 ಎಂಬ ಉಚಿತ ಪ್ಲೇಯರ್ ಹಾಕಿಕೊಳ್ಳಿ. ಅದರ ಪ್ರಿಫರೆನ್ಸಸ್‌ನಲ್ಲಿ ಔಟ್‌ಪುಟ್‌ಗೆ ಹೋದರೆ ನಿಮ್ಮ ಡ್ಯಾಕ್ ಹೆಸರು ಎರಡು ಸಲ ಕಾಣುತ್ತದೆ. "ಎಕ್ಸ್‌ಕ್ಲೂಸಿವ್" ಅಂತ ಬರೆದಿರುವುದನ್ನು ಆರಿಸಿ. ಆಗ ಫೈಲ್ ಇದ್ದ ಹಾಗೇ ಡ್ಯಾಕ್‌ಗೆ ಹೋಗುತ್ತದೆ. ವಾಟ್ಸಾಪ್ ಟಿಂಗ್ ಸದ್ದೂ ನಡುವೆ ಬರುವುದಿಲ್ಲ. ಮ್ಯಾಕ್‌ನಲ್ಲಿ ಆಡಿಯೊ ಮಿಡಿ ಸೆಟಪ್ ತೆರೆದು ದರವನ್ನು ಕೈಯಿಂದ ಆರಿಸಬೇಕು.

ಆಂಡ್ರಾಯ್ಡ್‌ನಲ್ಲೂ ಅದೇ ತೊಂದರೆ. ಯುಎಸ್‌ಬಿ ಆಡಿಯೊ ಪ್ಲೇಯರ್ ಪ್ರೊ ಎಂಬ ಆ್ಯಪ್ ದುಡ್ಡು ಕೊಟ್ಟು ಕೊಳ್ಳಬೇಕು, ಆದರೆ ಫೋನ್‌ನ ಮಿಕ್ಸರ್ ದಾಟಿ ನೇರ ಡ್ಯಾಕ್‌ಗೆ ಕಳಿಸುತ್ತದೆ. ಹೈ-ರೆಸ್ ಮನಸ್ಸಿದ್ದವರಿಗೆ ಈ ಖರ್ಚು ಸಾರ್ಥಕ.

ಇನ್ನೆರಡು ಸೆಟ್ಟಿಂಗ್. ಈಕ್ವಲೈಸರ್, "ಬಾಸ್ ಬೂಸ್ಟ್" ಥರದ್ದೆಲ್ಲ ಆಫ್. ಗ್ಯಾಪ್‌ಲೆಸ್ ಆನ್. ಖಯಾಲ್‌ನಲ್ಲಿ ವಿಲಂಬಿತ ಮುಗಿದು ದ್ರುತ್ ಶುರುವಾಗುವ ಕಡೆ ಟ್ರ್ಯಾಕ್ ಬದಲಾಗಿರುತ್ತದೆ. ಗ್ಯಾಪ್‌ಲೆಸ್ ಇಲ್ಲದಿದ್ದರೆ ಅಲ್ಲಿ ತಂಬೂರಿ ಒಂದು ಕ್ಷಣ ನಿಂತು ಹೋಗುತ್ತದೆ. ರಾಗದ ಹೊತ್ತಿಗೆ ಅದಕ್ಕಿಂತ ದೊಡ್ಡ ಭಂಗ ಬೇರೆ ಬೇಡ.

ಪೆನ್‌ಡ್ರೈವ್ ಹಚ್ಚುವ ಆಂಪ್ಲಿಫೈಯರ್ ಇದ್ದವರಿಗೆ ಒಂದು ಮಾತು. ಹಳೆಯವು ಫ್ಯಾಟ್32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಮಾತ್ರ ಓದುತ್ತವೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಹಿಡಿಸುವುದಿಲ್ಲ. ಗಂಟೆ ದಾಟಿದ 24/192 ವೇವ್ ಫೈಲ್ ನಕಲು ಆಗದಿದ್ದರೆ ಕಾರಣ ಅದೇ. ಫ್ಲ್ಯಾಕ್ ಮಾಡಿ ಹಾಕಿ. ಜೊತೆಗೆ ಆ ಆಂಪ್ಲಿಫೈಯರ್ ಯಾವ ಅಳತೆಯವರೆಗೆ ಓದುತ್ತದೆ ಎಂದು ಅದರ ಪುಸ್ತಿಕೆಯಲ್ಲಿ ನೋಡಿ.

4. ಡ್ಯಾಕ್ ಆರಿಸುವುದು

ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಿಂದ ಆಂಪ್ಲಿಫೈಯರ್‌ಗೆ ವೈರ್ ಹಚ್ಚಿದರೂ ಸಂಗೀತ ಬರುತ್ತದೆ. ಆದರೆ ಹಾರ್ಡ್ ಡಿಸ್ಕ್ ತಿರುಗುವ, ಮೌಸ್ ಸರಿಸುವ ಕಿರಿಕಿರಿ ಸದ್ದೂ ಸಣ್ಣಗೆ ಸೇರಬಹುದು. ಐಫೋನ್ ತನ್ನಷ್ಟಕ್ಕೆ 48 ಕಿಲೋಹರ್ಟ್ಜ್‌ವರೆಗೆ ಮಾತ್ರ ನುಡಿಸುತ್ತದೆ. ಅದಕ್ಕಿಂತ ಮೇಲಿನದಕ್ಕೆ ಹೊರಗಿನ ಡ್ಯಾಕ್ ಬೇಕೇ ಬೇಕು.

ಬೆರಳುದ್ದದ ಡಾಂಗಲ್ ಡ್ಯಾಕ್‌ಗಳು ಒಂದೆರಡು ಸಾವಿರ ರೂಪಾಯಿಯ ಆಸುಪಾಸಿನಿಂದ ಸಿಗುತ್ತವೆ. ಅವುಗಳಿಂದ ಶುರು ಮಾಡಿ. ಒಂದು ಕಡೆ 3.5 ಎಂಎಂ ಪಿನ್, ಇನ್ನೊಂದು ಕಡೆ ಕೆಂಪು-ಬಿಳಿ ಪಿನ್ ಇರುವ ಕೇಬಲ್‌ನಿಂದ ಆಂಪ್ಲಿಫೈಯರ್‌ಗೆ ಹಚ್ಚಬಹುದು. ಆಮೇಲೆ ಬೇಕೆನಿಸಿದರೆ ಮೇಜಿನ ಮೇಲಿಡುವ ಡ್ಯಾಕ್ ಕೊಳ್ಳಿ. ಫಿಯೊ, ಟಾಪಿಂಗ್, ಐಫೈ ಥರದ ಕಂಪನಿಗಳು ಮಾಡುತ್ತವೆ. ಕೊಳ್ಳುವಾಗ 24/96 ಮತ್ತು 24/192 ಎರಡೂ ನುಡಿಸುತ್ತದೆಯೇ, ಈಗಿನ ದರವನ್ನು ತೋರಿಸುವ ಅಂಕಿ ಅಥವಾ ಬಣ್ಣದ ದೀಪ ಇದೆಯೇ ನೋಡಿ. ಆ ದೀಪ ಬಹಳ ಉಪಯೋಗದ್ದು. ಸಿಡಿಯ ಫೈಲ್ ಹಾಕಿದಾಗ 44.1, ಹೈ-ರೆಸ್ ಹಾಕಿದಾಗ 96 ತೋರಿಸಿದರೆ ನಿಮ್ಮ ಮೂರನೇ ಹಂತ ಸರಿಯಾಗಿದೆ. ಏನೇ ಹಾಕಿದರೂ 48 ಅಂತಲೇ ಕೂತಿದ್ದರೆ ಹಿಂದಕ್ಕೆ ಹೋಗಿ ಸೆಟ್ಟಿಂಗ್ ನೋಡಿ.

ಟಿವಿಯಿಂದ ಆಪ್ಟಿಕಲ್ ಕೇಬಲ್ ಹಚ್ಚುವವರಿಗೆ: ಎಷ್ಟೋ ಆಪ್ಟಿಕಲ್ ತೂತುಗಳು 96ಕ್ಕೇ ನಿಲ್ಲುತ್ತವೆ. 192 ಬೇಕಾದರೆ ಯುಎಸ್‌ಬಿ ಅಥವಾ ಕೋಆಕ್ಸಿಯಲ್ ಬಳಸಿ.

ಕೇಬಲ್‌ಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಗಟ್ಟಿಯಾಗಿ ಕೂರುವ ಪಿನ್ ಇದ್ದರೆ ಸಾಕು. ಉಳಿದ ದುಡ್ಡಿಗೆ ಕಂಬಳಿ ತನ್ನಿ.

5. ಆಂಪ್ಲಿಫೈಯರ್‌ನ ಸರಿಯಾದ ತೂತು

ಡ್ಯಾಕ್‌ನ ಕೇಬಲ್ ಆಕ್ಸ್, ಸಿಡಿ, ಲೈನ್, ಟೇಪ್ ಇನ್, ಇವುಗಳಲ್ಲಿ ಯಾವುದಕ್ಕಾದರೂ ಹೋಗಬಹುದು. "ಫೋನೊ" ಅಂತ ಬರೆದಿರುವುದಕ್ಕೆ ಮಾತ್ರ ಬೇಡ. ಫೋನೊ ಎಂದರೆ ಫೋನಿಗೆ ಎಂದು ತಿಳಿದು ಹಚ್ಚಿದವರಿದ್ದಾರೆ. ಅದು ರೆಕಾರ್ಡ್ ಪ್ಲೇಯರ್‌ನ ಸೂಜಿಯಿಂದ ಬರುವ ಅತಿ ಸಣ್ಣ ಸಿಗ್ನಲ್‌ಗೆ ಇರುವ ತೂತು. ಅಲ್ಲಿ ಧ್ವನಿ ಸುಮಾರು ನೂರು ಪಟ್ಟು ಹಿಗ್ಗುತ್ತದೆ, ಬಾಸ್ ಬೇರೆ ಏರುತ್ತದೆ. ಡ್ಯಾಕ್ ಹಚ್ಚಿದರೆ ಒಡೆದ ದನಿ ಕೇಳಿಸುತ್ತದೆ, ಸ್ಪೀಕರ್‌ಗೂ ಅಪಾಯ.

ವಾಲ್ಯೂಮ್ ಎಲ್ಲಿ ಕಡಿಮೆ ಮಾಡಬೇಕು? ಆಂಪ್ಲಿಫೈಯರ್‌ನಲ್ಲಿ. ಪ್ಲೇಯರ್‌ನಲ್ಲಿ ಪೂರ್ತಿ ಇಡಿ. ಡಿಜಿಟಲ್‌ನಲ್ಲಿ ಪ್ರತಿ 6 ಡೆಸಿಬಲ್ ಇಳಿಸಿದರೆ ಒಂದು ಬಿಟ್ ಹೋಗುತ್ತದೆ. ಆದರೆ ಶುರುವಿನಲ್ಲಿ ಆಂಪ್ಲಿಫೈಯರ್ ಗುಂಡಿ ಸೊನ್ನೆಯಲ್ಲಿರಲಿ, ಆಮೇಲೆ ಮೆಲ್ಲಗೆ ಏರಿಸಿ.

5.1 ಹೋಮ್ ಥಿಯೇಟರ್ ಇದ್ದರೆ ರಿಮೋಟ್‌ನಲ್ಲಿ ಸ್ಟಿರಿಯೊ ಆರಿಸಿ. "ಡೈರೆಕ್ಟ್" ಅಥವಾ "ಪ್ಯೂರ್ ಡೈರೆಕ್ಟ್" ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಎಷ್ಟೋ ರಿಸೀವರ್‌ಗಳು ಒಳಗೆ ಬಂದ ಧ್ವನಿಯನ್ನು ಮತ್ತೆ ಡಿಜಿಟಲ್ ಮಾಡಿ, ತಮ್ಮ ಸಂಸ್ಕರಣೆ ಸೇರಿಸಿ ಹೊರಗೆ ಕಳಿಸುತ್ತವೆ. ಡ್ಯಾಕ್ ಕೊಂಡದ್ದು ವ್ಯರ್ಥವಾಗುತ್ತದೆ.

6. ಕರೆಂಟು ಮತ್ತು ಗುಂಯ್ ಸದ್ದು

ಸಂಗೀತ ನಿಂತಾಗಲೂ ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತಿದ್ದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನುಡಿಸಿ ನೋಡಿ. ಸದ್ದು ನಿಂತರೆ ಅದು ಅರ್ತಿಂಗ್ ಎರಡು ದಾರಿಯಲ್ಲಿ ಸುತ್ತುವ ತೊಂದರೆ. ಲ್ಯಾಪ್‌ಟಾಪ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದರೆ ಬಹಳಷ್ಟು ಸಲ ಸರಿ ಹೋಗುತ್ತದೆ. ಸದ್ದು ನಿಲ್ಲಿಸಲು ಮೂರನೇ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಆ ಪಿನ್ ಇರುವುದು ನಿಮ್ಮ ಜೀವ ಉಳಿಸಲು.

ಕರೆಂಟ್ ಹೋಗಿ ಇನ್ವರ್ಟರ್‌ಗೆ ಬಂದಾಗ ಮಾತ್ರ ಗುರ್ ಅಂದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಆಗಿರಬಹುದು. ಪ್ಯೂರ್ ಸೈನ್ ವೇವ್ ಇನ್ವರ್ಟರ್‌ನಲ್ಲಿ ಆ ಕಾಟ ಕಡಿಮೆ. ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ರೂಟರ್‌ನಿಂದ ಬರುವ ಕೇಬಲ್ ಹಚ್ಚಿದ್ದರೆ ಅದನ್ನೂ.

7. ನಿಮ್ಮ ಕಿವಿಯನ್ನೇ ಕೇಳಿ

ಎಲ್ಲ ಹಚ್ಚಿ ಆಯಿತು. ಈಗ ಹೈ-ರೆಸ್‌ನ ಫರಕು ನಿಮಗೆ ಕೇಳಿಸುತ್ತದೆಯೇ?

ಈ ಬಗ್ಗೆ ಗಂಭೀರ ಅಧ್ಯಯನಗಳೇ ನಡೆದಿವೆ. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೋರನ್ ಸೂಪರ್ ಆಡಿಯೊ ಸಿಡಿಯಂಥ ಹೈ-ರೆಸ್ ಧ್ವನಿಯನ್ನು ನೇರವಾಗಿಯೂ, ಸಿಡಿ ಅಳತೆಗೆ ಇಳಿಸಿಯೂ ಕೇಳಿಸಿದರು. 554 ಪರೀಕ್ಷೆಗಳಲ್ಲಿ ಸರಿಯಾದದ್ದು 276. ಅಂದರೆ ನಾಣ್ಯ ಚಿಮ್ಮಿದಷ್ಟೇ. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಆವರೆಗಿನ 18 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಸರಿ ಉತ್ತರ ಶೇಕಡ 52.3. ಸಣ್ಣ ಫರಕು, ಆದರೆ ಬರೀ ಊಹೆ ಅಲ್ಲ. ತರಬೇತಿ ಪಡೆದ ಕಿವಿಗಳಲ್ಲಿ ಇನ್ನೂ ಜಾಸ್ತಿ.

ಇದಕ್ಕೆ ಕಾರಣವೂ ಇದೆ. ರಾತ್ರಿ ಫ್ಯಾನ್ ನಿಲ್ಲಿಸಿದ ಶಾಂತ ಕೋಣೆಯಲ್ಲೂ 25-30 ಡೆಸಿಬಲ್ ಸದ್ದು ಇದ್ದೇ ಇರುತ್ತದೆ. ಅದರ ಮೇಲೆ ಸಿಡಿಯ 96 ಡೆಸಿಬಲ್ ಪೂರ್ತಿ ಕೇಳಬೇಕೆಂದರೆ ಕಿವಿ ನೋಯುವಷ್ಟು ಜೋರು ಮಾಡಬೇಕು. 24 ಬಿಟ್‌ನ ನಿಜವಾದ ಉಪಯೋಗ ಸ್ಟುಡಿಯೊದಲ್ಲಿ, ಧ್ವನಿ ಹಿಡಿಯುವಾಗ ಮತ್ತು ತಿದ್ದುವಾಗ. ಮನೆಯಲ್ಲಿ ಅದು ಕೊಡುವುದು ಸ್ವಲ್ಪ. ಆದರೆ ಹೈ-ರೆಸ್ ಎಂದು ಶ್ರದ್ಧೆಯಿಂದ ಮಾಡಿದ ಆವೃತ್ತಿಯ ಕೆಲಸವೇ ಚೆನ್ನಾಗಿರಬಹುದು. ಆಗ ಕೇಳಿಸುವ ಸುಖ ಖರೇ ಸುಖವೇ.

ನಿಮ್ಮ ಪರೀಕ್ಷೆ ಹೀಗೆ ಮಾಡಿ. ಒಂದು ಒಳ್ಳೆಯ 24/96 ಫೈಲ್ ತೆಗೆದುಕೊಳ್ಳಿ. ಫೂಬಾರ್2000 ಅಥವಾ ಆಡಾಸಿಟಿಯಲ್ಲಿ ಅದರದೇ 16/44.1 ನಕಲು ಮಾಡಿ. ಬೇರೆ ಅಂಗಡಿಯ ಸಿಡಿ ಆವೃತ್ತಿ ತರಬೇಡಿ. ಎರಡರ ತಯಾರಿಯೇ ಬೇರೆ ಇದ್ದರೆ ಹೋಲಿಕೆ ತಪ್ಪುತ್ತದೆ. ವಾಲ್ಯೂಮ್ ಎರಡಕ್ಕೂ ಒಂದೇ ಇರಬೇಕು. ಅರ್ಧ ಡೆಸಿಬಲ್ ಜೋರಿದ್ದರೂ ಅದೇ ಚೆನ್ನಾಗಿದೆ ಎಂದು ಕಿವಿ ಹೇಳಿಬಿಡುತ್ತದೆ. ಫೂಬಾರ್‌ಗೆ ಎಬಿಎಕ್ಸ್ ಎಂಬ ಜೋಡಣೆ ಇದೆ. ಯಾವುದು ಯಾವುದೆಂದು ಹೇಳದೆ ನುಡಿಸುತ್ತದೆ, ನೀವು ಗುರುತಿಸಬೇಕು. 10 ಸಲ ಮಾಡಿ. ಸುಮ್ನೆ ಊಹಿಸಿದರೆ 9 ಅಥವಾ 10 ಸರಿಯಾಗುವುದು ನೂರಕ್ಕೆ ಒಂದು ಸಲ. ನಿಮಗೆ 9 ಬಂದರೆ ಕಿವಿಯನ್ನು ನಂಬಿ, ಹೈ-ರೆಸ್‌ಗೆ ದುಡ್ಡು ಹಾಕಿ. 5-6 ಬಂದರೆ ಸಿಡಿ ಗುಣಮಟ್ಟದ ಫೈಲ್ ಕೊಳ್ಳಿ, ಉಳಿದ ದುಡ್ಡಿಗೆ ಇನ್ನಷ್ಟು ಗಾಯನ ಕೊಳ್ಳಿ.

ಏನನ್ನು ಆಲಿಸಬೇಕು? ತಂಬೂರಿಯ ತಂತಿ ಮೀಟಿದ ಮೇಲೆ ಮೇಲಿನ ಸ್ವರಗಳು ಒಂದೊಂದಾಗಿ ಅರಳುವುದು. ಸ್ವರ ಹಿಡಿಯುವ ಮುಂಚಿನ ಉಸಿರು. ತಬಲಾದ ಕಿನಾರಿನ ಪೆಟ್ಟು ನಿಂತ ಮೇಲಿನ ಬಾಲ. ಸಿತಾರ್‌ನ ತರಬ್ ತಂತಿಗಳ ಅನುರಣನ. ಎಂಪಿ3ಗೂ ಲಾಸ್‌ಲೆಸ್‌ಗೂ ಇರುವ ಫರಕು ಕಂಡರೆ ಮೊದಲು ಇಲ್ಲೇ ಕಾಣುತ್ತದೆ.

8. ಜೋಡಿಸಿ ಇಡುವುದು

ಸಿನಿಮಾ ಹಾಡಿಗೆಂದು ಮಾಡಿದ ಹೆಸರಿನ ಪಟ್ಟಿ ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ. ಎಂಪಿ3ಟ್ಯಾಗ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿ ಫೈಲ್‌ಗೆ ರಾಗ, ತಾಳ, ಗಾಯಕರು, ಸಾಥಿದಾರರು, ವರ್ಷ ಬರೆದಿಡಿ. ಕನ್ನಡದಲ್ಲೇ ಬರೆಯಬಹುದು. ಆಮೇಲೆ ಬರೀ ರಾಗದ ಹೆಸರು ಹುಡುಕಿದರೆ ನಾಲ್ಕು ಗಾಯಕರ ಅದೇ ರಾಗ ಒಟ್ಟಿಗೆ ಸಿಗುತ್ತದೆ.

ಒಂದೇ ಹಾರ್ಡ್ ಡಿಸ್ಕ್ ನಂಬಬೇಡಿ. ಎರಡರಲ್ಲಿ ಇಡಿ, ಎರಡನೆಯದು ಬೇರೆ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಪ್ರತಿ ಫ್ಲ್ಯಾಕ್ ಫೈಲ್‌ನೊಳಗೆ ಅದರ ಧ್ವನಿಯ ಒಂದು ಗುರುತಿನ ಲೆಕ್ಕ ಅಡಗಿರುತ್ತದೆ. ಫೂಬಾರ್‌ಗೆ ಫೈಲ್ ಇಂಟೆಗ್ರಿಟಿ ವೆರಿಫೈಯರ್ ಎಂಬ ಜೋಡಣೆ ಹಾಕಿಕೊಂಡು, ಫೈಲ್‌ಗಳನ್ನು ಆರಿಸಿ "ವೆರಿಫೈ ಇಂಟೆಗ್ರಿಟಿ" ಒತ್ತಿದರೆ ಯಾವ ಫೈಲ್ ಕೆಟ್ಟಿದೆ ಎಂದು ತಿಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಇದನ್ನು ಎರಡೂ ಡಿಸ್ಕ್‌ಗೆ ಮಾಡಿ. ಕೆಟ್ಟದ್ದು ಸಿಕ್ಕರೆ ಇನ್ನೊಂದು ಡಿಸ್ಕ್‌ನಿಂದ ಅದೇ ದಿನ ನಕಲು ಮಾಡಿಕೊಳ್ಳಿ.